ಈಡೇಲ್ ಸುತ್ತಿನ ಕಾಲುದಾರಿಗಳು: ನಾನು ಹೊಂದಿಸಿಕೊಂಡ ಬಗೆ

ಶೆಫೀಲ್ಡ್‌ನಿಂದ ಮ್ಯಾಂಚೆಸ್ಟರ್ ಕಡೆಗೆ ಹೋಗುವ ರೈಲಿನಲ್ಲಿ ಸುಮಾರು ಅರ್ಧ ಗಂಟೆ ಕುಳಿತರೆ ಈಡೇಲ್ ನಿಲ್ದಾಣ ಬರುತ್ತದೆ. ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಈ ಸಣ್ಣ ಊರು ನೋ ಎಂಬ ಹೊಳೆಯ ಕಣಿವೆಯಲ್ಲಿದೆ. ಅದರ ಉತ್ತರಕ್ಕೆ ಕಿಂಡರ್ ಸ್ಕೌಟ್ ಪ್ರಸ್ಥಭೂಮಿಯ ಕಡಿದಾದ ಅಂಚು, ದಕ್ಷಿಣಕ್ಕೆ ಮಾಮ್ ಟಾರ್ ಇರುವ ಬೆಟ್ಟಸಾಲು, ನಡುವೆ ಕಲ್ಲಿನ ಗೋಡೆಗಳಿಂದ ಪಾಲಾದ ಹುಲ್ಲುಗಾವಲುಗಳು. ಶೆಫೀಲ್ಡ್‌ನಲ್ಲಿ ನೆಲೆಸಿದ ಮೊದಲ ವರ್ಷ ನಾನು ಇಲ್ಲಿಗೆ ಬಂದಾಗಲೆಲ್ಲ ನೇರವಾಗಿ ಬೆಟ್ಟ ಹತ್ತಿ, ಬಂದ ದಾರಿಯಲ್ಲೇ ಇಳಿದು, ಸಂಜೆಯ ರೈಲು ಹಿಡಿಯುತ್ತಿದ್ದೆ. ಊರಿನ ಸುತ್ತಲೇ ನಡೆಯಬಹುದಾದ ದಾರಿಗಳಿವೆ ಎಂಬುದು ನನ್ನ ಗಮನಕ್ಕೆ ಬಂದದ್ದು ತೀರ್ಥಹಳ್ಳಿಯಿಂದ ಅಮ್ಮ ಮೂರು ತಿಂಗಳ ಮಟ್ಟಿಗೆ ಬಂದಾಗ. ಮೊಣಕಾಲು ನೋವಿನಿಂದ ಬೆಟ್ಟ ಹತ್ತಲಾಗದ, ಆದರೆ ದಿನಕ್ಕೆ ಐದಾರು ಕಿಲೋಮೀಟರ್ ನಡೆಯದೆ ಇರಲಾರದ ಅವರಿಗಾಗಿ ನಾನು ನಕ್ಷೆಯನ್ನು ಹೊಸದಾಗಿ ಬಿಡಿಸಿ ಕುಳಿತೆ.

ಆ ನಕ್ಷೆ ಆರ್ಡ್‌ನೆನ್ಸ್ ಸರ್ವೆ ಸಂಸ್ಥೆಯ ಎಕ್ಸ್‌ಪ್ಲೋರರ್ ಮಾಲೆಯದು. 1:25,000 ಪ್ರಮಾಣದ್ದಾದ್ದರಿಂದ ಅದರ ಮೇಲಿನ ನಾಲ್ಕು ಸೆಂಟಿಮೀಟರ್ ನೆಲದ ಮೇಲೆ ಒಂದು ಕಿಲೋಮೀಟರ್ ಆಗುತ್ತದೆ. ಗಿಡ್ಡ ಹಸಿರು ಗೆರೆಗಳ ಸಾಲು ಕಾಲುನಡಿಗೆಯ ದಾರಿಯನ್ನೂ, ಉದ್ದ ಹಸಿರು ಗೆರೆಗಳ ಸಾಲು ಕುದುರೆ ಮತ್ತು ಸೈಕಲ್ ಕೂಡ ಹೋಗಬಹುದಾದ ದಾರಿಯನ್ನೂ ತೋರಿಸುತ್ತವೆ. ಹೊಲದ ಗೋಡೆಗಳು ಕೂಡ ಈ ನಕ್ಷೆಯಲ್ಲಿ ಕಾಣುವುದರಿಂದ ದಾರಿ ಗೋಡೆಯ ಯಾವ ಮಗ್ಗುಲಿನಲ್ಲಿದೆ ಎಂಬುದು ಮನೆಯಲ್ಲೇ ತಿಳಿಯುತ್ತದೆ. ನಡೆಯುವಾಗ ಇದಕ್ಕಿಂತ ಉಪಯುಕ್ತವಾದ ಮಾಹಿತಿ ಇನ್ನೊಂದಿಲ್ಲ ಎಂದು ನಾನು ನಂಬುತ್ತೇನೆ, ಏಕೆಂದರೆ ತಪ್ಪು ಮಗ್ಗುಲಿನಲ್ಲಿ ಅರ್ಧ ಕಿಲೋಮೀಟರ್ ಹೋದಮೇಲೆ ಕಲ್ಲುಗೋಡೆಯನ್ನು ಹತ್ತಿ ದಾಟುವಂತಿಲ್ಲ. ಗಾರೆಯಿಲ್ಲದೆ ಜೋಡಿಸಿದ ಆ ಕಲ್ಲುಗಳು ಕಾಲಿಟ್ಟರೆ ಉರುಳುತ್ತವೆ.

ಮೊದಲು ಹೊಂದಿಸಿದ್ದು ಕಣಿವೆಯ ತಳದ ದಾರಿ. ಈಡೇಲ್ ಎಂಬುದು ನಿಜವಾಗಿ ಐದು ಕೇರಿಗಳ ಗುಂಪು: ಅಪ್ಪರ್ ಬೂತ್, ಬಾರ್ಬರ್ ಬೂತ್, ಗ್ರೈಂಡ್ಸ್‌ಬ್ರೂಕ್ ಬೂತ್, ಆಲರ್‌ಬ್ರೂಕ್ ಬೂತ್, ನೆದರ್ ಬೂತ್. ಹಿಂದೆ ದನ ಕಾಯುವವರು ತಂಗುತ್ತಿದ್ದ ಗುಡಿಸಲಿಗೆ ಬೂತ್ ಎನ್ನುತ್ತಿದ್ದರು. ಆ ತಂಗುದಾಣಗಳೇ ಮುಂದೆ ಕೇರಿಗಳಾದವು. ರಾಮನಗರ, ಮಂಡ್ಯದ ಕಡೆ ದೊಡ್ಡಿ ಎಂದು ಕೊನೆಗೊಳ್ಳುವ ಊರುಗಳ ಹೆಸರು ಕೇಳಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಂದು ಬೂತ್‌ನಿಂದ ಇನ್ನೊಂದಕ್ಕೆ ಜನ ಓಡಾಡಿದ ದಾರಿಗಳೇ ಇಂದಿನ ಹಸಿರು ಗೆರೆಗಳು ಎಂದು ಅರ್ಥವಾದ ಮೇಲೆ ನಾನು ನಕ್ಷೆಯನ್ನು ನೋಡುವ ಕ್ರಮವೇ ಬದಲಾಯಿತು. ಯಾವ ಶಿಖರಕ್ಕೆ ಹೋಗಲಿ ಎಂದು ಕೇಳುವುದನ್ನು ಬಿಟ್ಟು, ಈ ದಾರಿಯಲ್ಲಿ ಯಾರು, ಯಾವ ಕೆಲಸಕ್ಕೆ ಹೋಗುತ್ತಿದ್ದರು ಎಂದು ಕೇಳತೊಡಗಿದೆ.

ನಿಲ್ದಾಣದಿಂದ ಚರ್ಚಿನ ಮುಂದೆ ಹಾದು ಓಲ್ಡ್ ನ್ಯಾಗ್ಸ್ ಹೆಡ್ ಎಂಬ ಹಳೆಯ ಪಬ್ಬಿನವರೆಗೆ ಹೋದರೆ ಅಲ್ಲಿಂದ ಪೆನೈನ್ ವೇ ಆರಂಭವಾಗುತ್ತದೆ. ಸ್ಕಾಟ್ಲೆಂಡಿನ ಕರ್ಕ್ ಯೆಟಮ್‌ವರೆಗೆ 268 ಮೈಲಿ ಸಾಗುವ, 1965ರಲ್ಲಿ ಉದ್ಘಾಟನೆಗೊಂಡ ಆ ದೂರದ ದಾರಿಯ ಮೊದಲ ಎರಡೂವರೆ ಕಿಲೋಮೀಟರನ್ನಷ್ಟೇ ನಾವು ಬಳಸಿಕೊಂಡೆವು. ಮೊದಲು ಎರಡೂ ಕಡೆ ದರೆಯಿರುವ ಓಣಿ, ಆಮೇಲೆ ತೆರೆದ ಹುಲ್ಲುಗಾವಲು, ಕೊನೆಗೆ ಅಪ್ಪರ್ ಬೂತ್‌ನ ರೈತರೊಬ್ಬರ ಅಂಗಳ. ಆ ಅಂಗಳದ ಗೇಟಿನ ಮುಂದೆ ಅಮ್ಮ ನಿಂತುಬಿಟ್ಟರು. "ಮನೆಯವರನ್ನ ಒಂದು ಮಾತು ಕೇಳೋದು ಬೇಡ್ವೇನೋ?" ಎಂದರು. ಕೇಳಬೇಕಾಗಿಲ್ಲ ಎಂದು ಹೇಳುವುದು ಸುಲಭ, ಏಕೆ ಎಂದು ಹೇಳಲು ಸ್ವಲ್ಪ ಹೊತ್ತು ಬೇಕಾಯಿತು. ಜಮೀನು ರೈತನದೇ ಆದರೂ ಅದರ ಮೇಲಿನ ದಾರಿಯಲ್ಲಿ ನಡೆದುಹೋಗುವ ಹಕ್ಕು ಸಾರ್ವಜನಿಕರದು. ಇಂಥ ದಾರಿಗಳನ್ನೆಲ್ಲ ಗುರುತಿಸಿ ಅಧಿಕೃತ ನಕ್ಷೆ ಮಾಡಬೇಕೆಂದು 1949ರ ಕಾನೂನು ಕೌಂಟಿ ಕೌನ್ಸಿಲ್‌ಗಳಿಗೆ ವಿಧಿಸಿತು. ಹಕ್ಕು ಇರುವುದು ಹಾದುಹೋಗುವುದಕ್ಕೆ ಮಾತ್ರ. ಆದುದರಿಂದ ಅಂಗಳದಲ್ಲಿ ನಿಂತು ಫೋಟೊ ತೆಗೆಯುವುದನ್ನು ನಾವು ಮಾಡಲಿಲ್ಲ, ತೆರೆದ ಗೇಟನ್ನು ತೆರೆದಂತೆಯೇ, ಮುಚ್ಚಿದ್ದನ್ನು ಮುಚ್ಚಿಯೇ ಬಿಟ್ಟೆವು. ಎದುರಾದ ರೈತರಿಗೆ ಅಮ್ಮ ಕೈಮುಗಿದರು, ಅವರು ಟೋಪಿ ಮುಟ್ಟಿ ತಲೆಬಾಗಿದರು.

ಅಪ್ಪರ್ ಬೂತ್‌ನಿಂದ ಬಾರ್ಬರ್ ಬೂತ್‌ಗೆ ಹೊಳೆಯ ಜೊತೆ ಇಳಿದು, ಅಲ್ಲಿಂದ ಹೊಲಗಳ ನಡುವೆ ನಿಲ್ದಾಣದ ಕಡೆಗೆ ತಿರುಗಿದರೆ ಒಟ್ಟು ಸುಮಾರು ಆರು ಕಿಲೋಮೀಟರ್. ಇಂಗ್ಲಿಷರು ನಡಿಗೆಯ ಸಮಯ ಅಂದಾಜು ಮಾಡಲು 1892ರಲ್ಲಿ ನೈಸ್ಮಿತ್ ಎಂಬವರು ಹೇಳಿದ ಲೆಕ್ಕವನ್ನು ಇಂದಿಗೂ ಬಳಸುತ್ತಾರೆ. ಅದರಂತೆ ಗಂಟೆಗೆ ಐದು ಕಿಲೋಮೀಟರ್ ಹಿಡಿದು, ಪ್ರತಿ ನೂರು ಮೀಟರ್ ಏರಿಗೆ ಹತ್ತು ನಿಮಿಷ ಸೇರಿಸಬೇಕು. ಅಮ್ಮನ ಜೊತೆ ಈ ಲೆಕ್ಕ ಹೊಂದಲಿಲ್ಲ, ಹೊಂದದಿರುವುದಕ್ಕೆ ಮುಖ್ಯ ಕಾರಣ ತಡಮೆಗಳು. ಮಲೆನಾಡಿನ ಬೇಲಿಗಳಲ್ಲಿ ಜನ ದಾಟಬಹುದಾದ, ದನ ದಾಟಲಾರದ ತಡಮೆ ಇರುವಂತೆಯೇ ಇಲ್ಲಿಯೂ ಗೋಡೆಗೆ ಮೆಟ್ಟಿಲುಗಲ್ಲು ಚುಚ್ಚಿ, ಇಲ್ಲವೇ ಮರದ ಹಲಗೆ ಅಡ್ಡ ಕೊಟ್ಟು ದಾಟುವ ವ್ಯವಸ್ಥೆ ಮಾಡಿದ್ದಾರೆ. ಸೀರೆ ಉಟ್ಟವರಿಗೆ, ಮೊಣಕಾಲು ಮಡಚಲಾಗದವರಿಗೆ ಅದು ಸಣ್ಣ ಅಡ್ಡಿಯಲ್ಲ. ನಕ್ಷೆಯಲ್ಲಿ ಅವುಗಳ ಗುರುತಿರುವುದಿಲ್ಲ. ಹಾಗಾಗಿ ನಾನು ಒಂದು ಶನಿವಾರ ಒಬ್ಬನೇ ಬಂದು, ಆಸುಪಾಸಿನ ದಾರಿಗಳಲ್ಲೆಲ್ಲ ನಡೆದು, ಎಲ್ಲಿ ತಡಮೆ, ಎಲ್ಲಿ ಗೇಟು, ಎಲ್ಲಿ ಕೆಸರು ಎಂದು ನಕ್ಷೆಯ ಮೇಲೆ ಪೆನ್ಸಿಲಿನಿಂದ ಬರೆದುಕೊಂಡೆ. ಗಂಟೆಗೆ ಮೂರು ಕಿಲೋಮೀಟರ್, ತಡಮೆಗೆ ಮೂರು ನಿಮಿಷ: ಇದು ನನ್ನ ಲೆಕ್ಕ, ಇದುವರೆಗೂ ಕೈಕೊಟ್ಟಿಲ್ಲ.

ಹಸುಗಳ ವಿಷಯವನ್ನು ಒತ್ತಿ ಹೇಳಬೇಕು. ದನದ ಕೊಟ್ಟಿಗೆಯ ಪಕ್ಕದಲ್ಲೇ ಬೆಳೆದವನೆಂಬ ಧೈರ್ಯದಲ್ಲಿ ನಾನು ಒಮ್ಮೆ ಜೂನ್ ತಿಂಗಳಲ್ಲಿ ಕರುಗಳಿದ್ದ ಮಂದೆಯ ನಡುವೆಯೇ ನಡೆದುಬಿಟ್ಟೆ. ಮನುಷ್ಯರ ಕೈಯಳತೆಯಲ್ಲಿ ಬೆಳೆಯುವ ನಮ್ಮ ಮಲೆನಾಡು ಗಿಡ್ಡದಂತಲ್ಲ ಈ ಮಾಂಸದ ತಳಿಯ ಭಾರಿ ಹಸುಗಳು. ನಾಲ್ಕು ಹಸುಗಳು ತಲೆ ತಗ್ಗಿಸಿ ನನ್ನ ಹಿಂದೆ ಓಡಿಬಂದವು, ಗೋಡೆಯ ತಡಮೆ ಹತ್ತಿರವಿದ್ದುದರಿಂದ ಉಳಿದೆ. ಅಂದಿನಿಂದ ತಾಯಿ ಮತ್ತು ಕರುವಿನ ನಡುವೆ ಎಂದೂ ಹಾಯುವುದಿಲ್ಲ, ಗೋಡೆಯಂಚಿನಲ್ಲಿ ದೂರ ಸುತ್ತಿ ಹೋಗುತ್ತೇನೆ, ನಾಯಿ ಜೊತೆಗಿದ್ದವರಿಗೆ ಹಸು ಅಟ್ಟಿಸಿಕೊಂಡು ಬಂದರೆ ಹಗ್ಗ ಬಿಟ್ಟುಬಿಡಿ ಎಂದು ಮೊದಲೇ ಹೇಳಿರುತ್ತೇನೆ.

ಎರಡನೆಯ ದಾರಿ ಹಾಲಿನ್ಸ್ ಕ್ರಾಸ್‌ನದು. ನಿಲ್ದಾಣದ ದಕ್ಷಿಣಕ್ಕೆ ಹೊಳೆ ದಾಟಿ, ಬೆಟ್ಟಸಾಲಿನ ತಗ್ಗಾದ ಆ ಜಾಗಕ್ಕೆ ಸುಮಾರು 150 ಮೀಟರ್ ಏರಬೇಕು. ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲಿ ಈಡೇಲ್‌ಗೆ ಸ್ವಂತ ಪ್ರಾರ್ಥನಾಮಂದಿರ ಆಗುವವರೆಗೆ ಇಲ್ಲಿ ಸತ್ತವರನ್ನು ಹೆಗಲ ಮೇಲೆ ಹೊತ್ತು, ಇದೇ ಏರು ಹತ್ತಿ, ಆಚೆ ಬದಿಯ ಕ್ಯಾಸಲ್‌ಟನ್‌ಗೆ ಒಯ್ದು ಹೂಳುತ್ತಿದ್ದರು. ಮುಂದೆ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಣಿವೆಯಲ್ಲಿ ಹತ್ತಿ ಗಿರಣಿ ಆರಂಭವಾದಾಗ ಕ್ಯಾಸಲ್‌ಟನ್‌ನ ಕೆಲಸಗಾರರು ಇದೇ ದಾರಿಯನ್ನು ಎದುರು ದಿಕ್ಕಿನಲ್ಲಿ ದಾಟಿ ಬರುತ್ತಿದ್ದರು. ಹೆಣ ಹೊರುವವರು ಸುಮ್ಮನೆ ಸುತ್ತು ಹಾಕುವವರಲ್ಲ; ಎರಡು ಊರುಗಳ ನಡುವೆ ಅತಿ ಕಡಿಮೆ ಏರು ಇರುವ ಕಡೆಯೇ ಅವರು ದಾಟಿದ್ದಾರೆ ಎಂಬ ನಂಬಿಕೆಯಿಂದ ನಾನು ಈ ದಾರಿ ಆರಿಸಿದೆ, ಅದು ಸರಿಯಾಗಿಯೇ ಇತ್ತು. ಅಲ್ಲಿಂದ ಬಲಕ್ಕೆ ಹಾಸುಗಲ್ಲಿನ ದಾರಿಯಲ್ಲಿ 517 ಮೀಟರ್ ಎತ್ತರದ ಮಾಮ್ ಟಾರ್ ಹತ್ತಬಹುದು. ಅದರ ಪೂರ್ವದ ಮೈ ಜೇಡಿಪದರ ಮತ್ತು ಮರಳುಗಲ್ಲಿನದಾಗಿದ್ದು ನಿರಂತರ ಕುಸಿಯುತ್ತದೆ. ಕೆಳಗಿನ ವಾಹನರಸ್ತೆಯನ್ನು 1979ರಲ್ಲಿ ಮುಚ್ಚಲೇಬೇಕಾಯಿತು. ಗಾಳಿ ಜೋರಿದ್ದ ದಿನ ನಾವು ಮೇಲಕ್ಕೆ ಹೋಗದೆ ಹಾಲಿನ್ಸ್ ಕ್ರಾಸ್‌ನಿಂದಲೇ ಇಳಿಯುತ್ತೇವೆ.

ಮೂರನೆಯದು ಅಪ್ಪರ್ ಬೂತ್‌ನಿಂದ ಜೇಕಬ್ಸ್ ಲ್ಯಾಡರ್ ಹತ್ತಿ ಕಿಂಡರ್ ಅಂಚಿಗೆ ಹೋಗುವುದು. ಹದಿನೆಂಟನೆಯ ಶತಮಾನದಲ್ಲಿ ಇಲ್ಲಿ ಬೇಸಾಯ ಮಾಡಿದ್ದ ಜೇಕಬ್ ಮಾರ್ಷಲ್ ತನ್ನ ಹೇರು ಕುದುರೆಯನ್ನು ಸುತ್ತುದಾರಿಯಲ್ಲಿ ಬಿಟ್ಟು ತಾನು ನೇರ ಹತ್ತಲು ಈ ಮೆಟ್ಟಿಲುಗಳನ್ನು ಕಡಿದನೆಂದು ಹೇಳುತ್ತಾರೆ. ಕಿಂಡರ್ ಮೇಲೆ ನಡೆಯುವ ಹಕ್ಕು ಸುಮ್ಮನೆ ಬಂದದ್ದಲ್ಲ. 1932ರ ಏಪ್ರಿಲ್ 24ರಂದು ಹೇಫೀಲ್ಡ್ ಕಡೆಯಿಂದ ನೂರಾರು ಕಾರ್ಮಿಕ ಯುವಕರು ಬೇಟೆಗೆ ಮೀಸಲಿದ್ದ ಈ ನೆಲಕ್ಕೆ ನಿಷೇಧ ಮೀರಿ ನುಗ್ಗಿದರು, ಅವರಲ್ಲಿ ಐವರು ಜೈಲಿಗೆ ಹೋದರು. 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಗಿ ಪೀಕ್ ಡಿಸ್ಟ್ರಿಕ್ಟ್ ರೂಪುಗೊಂಡಿತು. ಈ ದಾರಿಗೆ ಹೊಸಬರನ್ನು ನಾನು ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಕರೆದುಕೊಂಡು ಹೋಗುತ್ತೇನೆ. ಒಂದು ನವೆಂಬರಿನಲ್ಲಿ ಮೇಲೆ ಮಂಜು ಕವಿದು, ಚಳಿಗೆ ಮೊಬೈಲ್ ಆರಿಹೋಗಿ, ಕಪ್ಪು ಜೌಗಿನ ಕೊರಕಲುಗಳ ನಡುವೆ ದಿಕ್ಕೇ ತಿಳಿಯದೆ ಒಂದು ಗಂಟೆ ಅಲೆದಿದ್ದೇನೆ. ಈಗ ಕಾಗದದ ನಕ್ಷೆ ಮತ್ತು ದಿಕ್ಸೂಚಿ ಇಲ್ಲದೆ ಹತ್ತುವುದಿಲ್ಲ.

ಈ ಮೂರೂ ದಾರಿಗಳನ್ನು ಶೆಫೀಲ್ಡ್‌ನ ಕನ್ನಡದ ಮನೆಗಳಿಗೆಂದು ಒಂದೊಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಹಂಚಿದ್ದೇನೆ. ದೂರ, ಏರು, ತಡಮೆಗಳ ಸಂಖ್ಯೆ, ಕೆಸರಿನ ತಿಂಗಳುಗಳು, ಅರ್ಧದಲ್ಲಿ ಮರಳಬಹುದಾದ ಜಾಗ, ಇಷ್ಟು ಅದರಲ್ಲಿವೆ. ಕಣಿವೆಯ ದಾರಿಯ ಒಂದು ತಡಮೆಯ ಹಲಗೆ ಕೊಳೆತಿದ್ದುದನ್ನು ಕಂಡು, ನಕ್ಷೆಯ ಚೌಕದ ಅಂಕಿಗಳ ಸಮೇತ ಸಂಬಂಧಪಟ್ಟ ಕಚೇರಿಗೆ ಬರೆದಿದ್ದೆ. ಕಳೆದ ಶರತ್ಕಾಲದಲ್ಲಿ ಹೋದಾಗ ಆ ಜಾಗದಲ್ಲಿ ಒಬ್ಬರೇ ತಳ್ಳಿ ದಾಟಬಹುದಾದ ಹೊಸ ಗೇಟು ಕೂತಿತ್ತು. ಮನೆಗೆ ಬಂದು ಹಾಳೆಯಲ್ಲಿ ತಡಮೆಗಳ ಸಂಖ್ಯೆಯನ್ನು ಒಂದು ಕಡಿಮೆ ಮಾಡಿ, ಅಮ್ಮನಿಗೂ ಒಂದು ಪ್ರತಿ ಕಳುಹಿಸಿದೆ.