ಸೈಪ್ರಸ್‌ಗೆ ಹೊರಟಿದ್ದೀರಾ? ಈ ಮಾತುಗಳನ್ನು ಕೇಳಿಸಿಕೊಂಡು ಹೋಗಿ

ಗಾಂಧಿ ಬಜಾರಿನಲ್ಲಿ ನಮ್ಮದೊಂದು ಚಿಕ್ಕ ಟ್ರಾವೆಲ್ಸ್ ಆಫೀಸಿದೆ. ಸೈಪ್ರಸ್ ಟಿಕೆಟ್‌ಗೆ ಬರುವವರು ಮೊದಲು ಕೇಳುವುದು ಬೀಚ್ ಬಗ್ಗೆ. ನಾನು ಮೊದಲು ಹೇಳುವುದು ಏರ್‌ಪೋರ್ಟ್ ಬಗ್ಗೆ. ದಕ್ಷಿಣದ ಲಾರ್ನಾಕಾ ಅಥವಾ ಪಾಫೋಸ್‌ನಲ್ಲೇ ಇಳಿಯಿರಿ.

1974ರ ಯುದ್ಧದಿಂದ ಆ ದ್ವೀಪ ಎರಡು ಪಾಲಾಗಿದೆ. ದಕ್ಷಿಣದಲ್ಲಿ ಸೈಪ್ರಸ್ ಗಣರಾಜ್ಯದ ಆಡಳಿತ, ಅಲ್ಲಿ ಗ್ರೀಕ್ ಮಾತಾಡುವವರೇ ಜಾಸ್ತಿ. ಉತ್ತರದಲ್ಲಿ ಟರ್ಕಿಶ್ ಮಾತಾಡುವವರ ಆಡಳಿತ. ಅದನ್ನು ಬೇರೆ ದೇಶ ಅಂತ ಒಪ್ಪಿರುವುದು ಟರ್ಕಿ ಮಾತ್ರ. ನಡುವಿನ ಪಟ್ಟಿಯನ್ನು ವಿಶ್ವಸಂಸ್ಥೆಯ ಶಾಂತಿಪಡೆ ಕಾಯುತ್ತದೆ. ಉತ್ತರದ ಎರ್ಜಾನ್ ನಿಲ್ದಾಣದಲ್ಲಿ ಇಳಿದರೆ ದಕ್ಷಿಣದವರ ಲೆಕ್ಕದಲ್ಲಿ ಅದು ಅಕ್ರಮ ಪ್ರವೇಶ. ಟಿಕೆಟ್ ಅಗ್ಗ ಅಂತ ಆ ದಾರಿ ಹಿಡಿಯಬೇಡಿ.

ರಾಜಧಾನಿ ನಿಕೋಸಿಯಾದಲ್ಲಿ ಗಡಿ ದಾಟುವುದು ಸುಲಭ. ಲೆಡ್ರಾ ಬೀದಿಯ ದಾರಿ 2008ರಲ್ಲಿ ತೆರೆಯಿತು. ಅಂಗಡಿ ಸಾಲಿನ ನಡುವೆ ನಡೆದು ಹೋಗಿ, ಎರಡೂ ಕಡೆ ಪಾಸ್‌ಪೋರ್ಟ್ ತೋರಿಸಿದರೆ ಆಯಿತು. ಪಾಸ್‌ಪೋರ್ಟ್ ಅಂದರೆ ಪಾಸ್‌ಪೋರ್ಟೇ, ಜೆರಾಕ್ಸ್ ಅಲ್ಲ. ಸೈನಿಕರು, ಕಾವಲು ಗೋಪುರ, ಮುಳ್ಳುತಂತಿ ಇರುವ ಕಡೆ ಮೊಬೈಲ್ ಜೇಬಿನಲ್ಲೇ ಇರಲಿ. ಅಲ್ಲಿ ಫೋಟೊ ತೆಗೆಯುವ ಹಾಗಿಲ್ಲ.

ಇನ್ನು ಮಾತು. ನಾವು ಬೆಂಗಳೂರಿನವರು ಯಾರನ್ನು ಕಂಡರೂ 'ನಿಮ್ಮದು ಯಾವೂರು?' ಅಂತ ಕೇಳುತ್ತೇವೆ, ಅಲ್ವಾ? ಅಲ್ಲಿ ವಯಸ್ಸಾದವರಿಗೆ ಅದು ಭಾರದ ಪ್ರಶ್ನೆ. ಯುದ್ಧದ ಹೊತ್ತಿನಲ್ಲಿ 1.5 ಲಕ್ಷಕ್ಕೂ ಹೆಚ್ಚು ಗ್ರೀಕ್ ಸೈಪ್ರಸ್‌ನವರು ಉತ್ತರದ ಮನೆ ಬಿಟ್ಟು ದಕ್ಷಿಣಕ್ಕೆ ಬಂದರು. ಹತ್ತಾರು ಸಾವಿರ ಟರ್ಕಿಶ್ ಸೈಪ್ರಸ್‌ನವರು ದಕ್ಷಿಣ ಬಿಟ್ಟು ಉತ್ತರಕ್ಕೆ ಹೋದರು. 2003ರ ತನಕ ಹೆಚ್ಚಿನವರಿಗೆ ತಮ್ಮ ಮನೆಯನ್ನು ನೋಡಿ ಬರುವುದಕ್ಕೂ ಆಗಿರಲಿಲ್ಲ. ಕಾಣೆಯಾದವರ ಅವಶೇಷಗಳನ್ನು ಎರಡೂ ಕಡೆಯವರು ಸೇರಿ ಇವತ್ತಿಗೂ ಹುಡುಕುತ್ತಿದ್ದಾರೆ. ಹಾಗಾಗಿ ಊರಿನ ಮಾತು ಅವರೇ ತೆಗೆದರೆ ಪೂರ್ತಿ ಕೇಳಿ. 'ನಮ್ಮಲ್ಲೂ ದೇಶ ವಿಭಜನೆ ಆಯಿತು' ಅಂತ ಮಧ್ಯೆ ಬಾಯಿ ಹಾಕಬೇಡಿ. 'ಹಳೇ ಕಥೆ, ಬಿಡಿ' ಅಂತ ಅಂತೂ ಅನ್ನಲೇಬೇಡಿ. ತಪ್ಪು ಯಾರದು ಅಂತ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಒಂದು ಕಡೆ ಕೇಳಿದ್ದನ್ನು ಇನ್ನೊಂದು ಕಡೆ ಹೋಗಿ ಒಪ್ಪಿಸಬೇಡಿ. ದಕ್ಷಿಣದಲ್ಲಿ ಸಣ್ಣ ಕಪ್ಪಿನ ಗಟ್ಟಿ ಕಾಫಿಯನ್ನು 'ಟರ್ಕಿಶ್ ಕಾಫಿ' ಅನ್ನದೆ 'ಸೈಪ್ರಸ್ ಕಾಫಿ' ಅಂತಲೇ ಕೇಳಿ.

ನಿಮ್ಮ ಕಡೆಯಿಂದ ಏನಾದರೂ ಹೇಳಬೇಕು ಅನ್ನಿಸಿದರೆ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರ ವಿಷಯ ಹೇಳಿ. 1964ರಲ್ಲಿ ಅಲ್ಲಿನ ಶಾಂತಿಪಡೆಯ ಕಮಾಂಡರ್ ಆದವರು ಅವರು. 1965ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಮುಂದಿನ ವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ನಮ್ಮೂರಿನಿಂದ ಹೋಗುವ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು ಅನ್ನುವುದು ನನ್ನ ಆಸೆ.

ದುಡ್ಡಿನ ವಿಷಯ: ದಕ್ಷಿಣದಲ್ಲಿ ಯೂರೋ, ಉತ್ತರದಲ್ಲಿ ಟರ್ಕಿಶ್ ಲಿರಾ. ಉತ್ತರದ ಪೇಟೆಯಲ್ಲಿ ಯೂರೋ ತಗೊಳ್ಳುವವರೂ ಇದ್ದಾರೆ, ಆದರೆ ರೇಟು ಅವರು ಹೇಳಿದ್ದು. ದಕ್ಷಿಣದ ಸಿಮ್‌ಗೆ ಯುರೋಪಿನ ರೋಮಿಂಗ್ ಸೌಲಭ್ಯ ಉತ್ತರದಲ್ಲಿ ಸಿಗುವುದಿಲ್ಲ, ಬಿಲ್ ಏರಬಹುದು. ಗಡಿ ಹತ್ತಿರ ಬಂದಾಗಲೇ ಡೇಟಾ ಆಫ್ ಮಾಡಿ, ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ಪ್ಲಗ್ ಬ್ರಿಟನ್ನಿನ ಹಾಗೆ ಚಪ್ಪಟೆ ಮೂರು ಪಿನ್ನಿನದು, ಅಡಾಪ್ಟರ್ ಬೇಕು.

ಸಸ್ಯಾಹಾರಿಗಳು ಹೆದರಬೇಡಿ. ಅಲಸಂದೆ ಕಾಳನ್ನು ತರಕಾರಿ ಜೊತೆ ಬೇಯಿಸಿ, ನಿಂಬೆರಸ, ಆಲಿವ್ ಎಣ್ಣೆ ಹಾಕಿ ಕೊಡುತ್ತಾರೆ. ನಮ್ಮ ನಾಲಿಗೆಗೆ ಚೆನ್ನಾಗಿ ಹಿಡಿಸುತ್ತದೆ. ದಕ್ಷಿಣದಲ್ಲಿ 'ನಿಸ್ತೀಸಿಮೋ' ಅಂತ ಕೇಳಿದರೆ ಮಾಂಸ, ಮೊಟ್ಟೆ, ಹಾಲು ಇಲ್ಲದ ಉಪವಾಸದ ಅಡುಗೆ ಸಿಗುತ್ತದೆ. ಸಿಗಡಿ, ಕಪ್ಪೆಚಿಪ್ಪು ಮಾತ್ರ ಅದರಲ್ಲಿ ಇರಬಹುದು, ಕೇಳಿಕೊಳ್ಳಿ. ಹಲೂಮಿ ಚೀಸ್‌ಗೆ ಪ್ರಾಣಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುವುದುಂಟು. ಕಟ್ಟುನಿಟ್ಟಿನವರು ಅದನ್ನೂ ವಿಚಾರಿಸಿ.

ಚರ್ಚಾಗಲಿ ಮಸೀದಿಯಾಗಲಿ, ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಮಸೀದಿಗೆ ಹೋಗುವ ಹೆಂಗಸರು ತಲೆಗೊಂದು ದುಪಟ್ಟಾ ಇಟ್ಟುಕೊಳ್ಳಿ.

ಕಾರು ಬಾಡಿಗೆಗೆ ಹಿಡಿಯುವವರಿಗೆ ಒಂದು ಅನುಕೂಲ, ಅಲ್ಲೂ ಎಡಗಡೆಯೇ ಓಡಿಸುವುದು. ಆದರೆ ದಕ್ಷಿಣದ ವಿಮೆ ಉತ್ತರದಲ್ಲಿ ನಡೆಯುವುದಿಲ್ಲ. ಗಾಡಿ ದಾಟುವ ಗಡಿಯಲ್ಲೇ ಬೇರೆ ವಿಮೆ ಮಾಡಿಸಬೇಕು. ಗಡಿ ದಾಟಿಸಲು ಒಪ್ಪದ ಬಾಡಿಗೆಯವರೂ ಇದ್ದಾರೆ, ಕೀಲಿ ತಗೊಳ್ಳುವ ಮುಂಚೆಯೇ ಕೇಳಿ. ಆಂಬುಲೆನ್ಸ್ ಬೇಕಾದರೆ ಎರಡೂ ಕಡೆ 112.