ಬೆಲ್ ಆದರೆ ಉಚ್ಚೆ ಹೊಯ್ಯುವ ಮರಿ: ಪಾಠ ಬೇಕಿರುವುದು ನೆಂಟರಿಗೆ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಬಂದಾಗ ಚಿಕ್ಕಿಗೆ ಎರಡೂವರೆ ತಿಂಗಳು. ಹಣ್ಣಿನ ಗಾಡಿಯ ಕೆಳಗೆ ಹುಟ್ಟಿದ ಬೀದಿನಾಯಿಯ ಮರಿ. ಮೈಬಣ್ಣ ಥೇಟ್ ಲೋನಾವಳದ ಚಿಕ್ಕಿ, ಅದಕ್ಕೇ ಆ ಹೆಸರು. ಹತ್ತೇ ದಿನದಲ್ಲಿ ಬಾಲ್ಕನಿಯಲ್ಲಿ ಹಾಸಿದ ಪೇಪರ್ ಮೇಲೆ ಉಚ್ಚೆ ಹೊಯ್ಯಲು ಕಲಿತಳು. ಎಷ್ಟು ಜಾಣೆ ಅಂತ ಬೀಗುತ್ತಿದ್ದೆವು. ಅಷ್ಟರಲ್ಲಿ ದೊಡ್ಡಮ್ಮ ಬಂದರು.

ಮತ್ಸ್ಯಗಂಧ ರೈಲಿನಲ್ಲಿ ಬೆಳಿಗ್ಗೆ ಠಾಣೆಗೆ ಬಂದಿಳಿದು, ಅಲ್ಲಿಂದ ರಿಕ್ಷಾ ಹಿಡಿದು, ಹಪ್ಪಳದ ಚೀಲದೊಂದಿಗೆ ಬಾಗಿಲಲ್ಲಿ ನಿಂತಿದ್ದರು. ಚಪ್ಪಲಿ ಬಿಡುತ್ತಲೇ ಬಗ್ಗಿ, "ಓ, ಇದುವಾ ನಿಮ್ಮ ಹೊಸ ಮಗಳು?" ಅಂತ ಬಳೆ ತುಂಬಿದ ಕೈಯಲ್ಲಿ ತಲೆ ಸವರಲು ಹೋದರು. ಚಿಕ್ಕಿ ಕಿವಿ ಹಿಂದಕ್ಕೆ ಮಡಚಿ, ಬಾಲ ಕಾಲುಗಳ ನಡುವೆ ಸೇರಿಸಿ, ಅಂಗಾತ ಬಿದ್ದು ಅವರ ಸೀರೆಯ ನೆರಿಗೆಗೇ ಅಭಿಷೇಕ ಮಾಡಿದಳು.

"ಎಂತ ಮಾರಾಯ್ತಿ, ಇಷ್ಟೂ ಕಲಿಸಿಲ್ವಾ ನೀವು?"

ನಮ್ಮ ಮನೆಯವರು ಚಿಕ್ಕಿಗೆ ಜೋರಾಗಿ ಗದರಿದರು. ಇನ್ನಷ್ಟು ಉಚ್ಚೆ ಬಂತು.

ಆ ವಾರ ಲಸಿಕೆಗೆ ಹೋದಾಗ ಡಾಕ್ಟರಿಗೆ ದೂರು ಹೇಳಿದೆ. ಅವರು ನಕ್ಕು, "ಅದು ಉಚ್ಚೆ ಅಲ್ಲ, ನಮಸ್ಕಾರ" ಅಂದರು. ಆ ಒಂದು ಮಾತಿನಿಂದ ನನಗೆ ಅರ್ಧ ವಿಷಯ ತಿಳಿಯಿತು.

ಹುಟ್ಟಿದ ಮೊದಲ ಎರಡು ಮೂರು ವಾರ ಮರಿಗೆ ತಾನಾಗಿ ಉಚ್ಚೆ ಹೊಯ್ಯಲು ಬರುವುದಿಲ್ಲ. ತಾಯಿ ನೆಕ್ಕಿದರೆ ಮಾತ್ರ ಬರುತ್ತದೆ. ಅಂಗಾತ ಮಲಗಿ ಸುಮ್ಮನಿರುವ ಆ ಭಂಗಿಯನ್ನೇ ಮರಿ ಮುಂದೆ ದೊಡ್ಡವರ ಎದುರು ತೋರಿಸುತ್ತದೆ. "ನಾನು ಚಿಕ್ಕವಳು, ನನಗೇನೂ ಮಾಡಬೇಡಿ" ಅಂತ ಅದರ ಅರ್ಥ. ನಾವು ಗದರಿದರೆ ಮರಿ ಏನು ತಿಳಿಯುತ್ತದೆ? ಬೇಡಿಕೊಂಡಿದ್ದು ಸಾಲಲಿಲ್ಲ ಅಂತ. ಆಗ ಇನ್ನೂ ಜಾಸ್ತಿ ಬೇಡಿಕೊಳ್ಳುತ್ತದೆ, ಅಂದರೆ ಇನ್ನೂ ಜಾಸ್ತಿ ಹೊಯ್ಯುತ್ತದೆ. ಉಚ್ಚೆಗೆ ಮೂಗು ಒತ್ತಿ ತಿಕ್ಕಿದರೆ ಬುದ್ಧಿ ಬರುತ್ತದೆ ಅನ್ನುವ ಹಿರಿಯರು ನಮ್ಮ ಹೌಸಿಂಗ್ ಸೊಸೈಟಿಯಲ್ಲೂ ಇದ್ದಾರೆ. ದಯವಿಟ್ಟು ಅವರ ಮಾತು ಕೇಳಬೇಡಿ.

ಮೊದಲು ಮರಿಯನ್ನು ಗಮನಿಸಿ

ಇದರಲ್ಲಿ ಎರಡು ಬಗೆ ಇದೆ. ಮರಿ ಕುಗ್ಗಿ, ಮುಖ ತಿರುಗಿಸಿ, ತುಟಿ ನೆಕ್ಕುತ್ತಾ ಹೊಯ್ದರೆ ಅದು ಹೆದರಿಕೆ. ಬಾಲ ಅಲ್ಲಾಡಿಸಿ, ಮೇಲೆ ಹಾರಿ, ಕುಣಿಯುವಾಗ ಚಿಮ್ಮಿದರೆ ಅದು ಖುಷಿ. ಕೆಲವು ಮರಿಗಳಲ್ಲಿ ಎರಡೂ ಬೆರೆತಿರುತ್ತದೆ. ಮದ್ದು ಮಾತ್ರ ಹೆಚ್ಚುಕಡಿಮೆ ಒಂದೇ: ಬಾಗಿಲಲ್ಲಿ ಆಗುವ ಗದ್ದಲ ಕಡಿಮೆ ಮಾಡುವುದು.

ಆದರೆ ನಿದ್ದೆಯಲ್ಲಿ ಹಾಸಿಗೆ ಒದ್ದೆಯಾಗುತ್ತಿದ್ದರೆ, ಗಳಿಗೆಗೊಮ್ಮೆ ಸ್ವಲ್ಪ ಸ್ವಲ್ಪ ಹೊಯ್ಯುತ್ತಿದ್ದರೆ, ರಕ್ತ ಕಂಡರೆ, ವಿಪರೀತ ನೀರು ಕುಡಿಯುತ್ತಿದ್ದರೆ ಇದನ್ನು ಓದುತ್ತಾ ಕೂರಬೇಡಿ, ಡಾಕ್ಟರಲ್ಲಿಗೆ ಹೋಗಿ. ಮೂತ್ರದ ಸೋಂಕು ಇರಬಹುದು. ಕೆಲವು ಹೆಣ್ಣುಮರಿಗಳಲ್ಲಿ ಹುಟ್ಟಿನಿಂದಲೇ ಮೂತ್ರನಾಳ ತಪ್ಪು ಜಾಗಕ್ಕೆ ಸೇರಿಕೊಂಡು ಸದಾ ಸೋರುವುದೂ ಉಂಟು. ಹತ್ತಿರದಲ್ಲಿ ಡಾಕ್ಟರು ಇಲ್ಲದಿದ್ದರೆ ಪರೇಲ್‌ನಲ್ಲಿ 1883ರಲ್ಲಿ ಶುರುವಾದ ಬಾಯಿ ಸಕರ್‌ಬಾಯಿ ಪ್ರಾಣಿಗಳ ಆಸ್ಪತ್ರೆ ಇದೆ.

ಬಾಗಿಲಲ್ಲಿ ಭೇಟಿ ಬೇಡ

ನನ್ನ ಪ್ರಕಾರ ಮುಂಬೈ ಮನೆಗಳ ನಿಜವಾದ ತೊಂದರೆ ಇಲ್ಲೇ ಇರುವುದು. ಊರಿನಲ್ಲಾದರೆ ಅಂಗಳವಿದೆ, ಜಗಲಿ ಇದೆ. ಬಂದವರನ್ನು ನಾಯಿ ದೂರದಿಂದಲೇ ನೋಡಿ, ಬೇಕಾದರೆ ಹತ್ತಿರ ಬರುತ್ತದೆ, ಬೇಡವಾದರೆ ಕೊಟ್ಟಿಗೆ ಕಡೆ ಹೋಗುತ್ತದೆ. ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ ಬಾಗಿಲು ತೆರೆದರೆ ಮೂರಡಿ ಅಗಲದ ಜಾಗ, ಪಕ್ಕಕ್ಕೆ ಚಪ್ಪಲಿಯ ಕಪಾಟು. ಮರಿಗೆ ಹಿಂದೆ ಸರಿಯಲು ದಾರಿ ಇಲ್ಲ. ಅದರ ಮೇಲೆ, ಬಂದವರು ಚಪ್ಪಲಿ ಬಿಚ್ಚಲು ಬಗ್ಗುತ್ತಾರೆ. ನಮಗೆ ಅದು ಸಹಜ. ಮರಿಯ ಕಣ್ಣಿಗೆ ಅಪರಿಚಿತ ದೊಡ್ಡ ಪ್ರಾಣಿಯೊಂದು ಮೈಮೇಲೆ ಬೀಳುತ್ತಿದೆ!

ಹಾಗಾಗಿ ನೆಂಟರು ಬರುವ ಹತ್ತು ನಿಮಿಷ ಮುಂಚೆ ಮರಿಯನ್ನು ಅದರ ಉಚ್ಚೆಯ ಜಾಗಕ್ಕೆ ಕರೆದೊಯ್ಯಿರಿ. ಖಾಲಿಯಾದ ಮೇಲೆ ಬೆಡ್‌ರೂಮಿನಲ್ಲೋ ಅಡುಗೆಮನೆಯಲ್ಲೋ ಬಿಟ್ಟು, ಬಾಗಿಲಿಗೆ ಹಲಗೆಯೊಂದನ್ನು ಅಡ್ಡ ಇಡಿ. ಕಡಿಯಲು ಆಟಿಕೆ ಕೊಡಿ. ಬೆಲ್ ಆಗಲಿ, ಚಪ್ಪಲಿ ಬಿಡಲಿ, "ಟ್ರೇನ್ ಲೇಟಾ?" ಎಲ್ಲ ಮುಗಿಯಲಿ. ಎಲ್ಲರೂ ಕೂತು ಚಹಾದ ಕಪ್ಪು ಕೈಗೆ ಬಂದ ಮೇಲೆ ಹಲಗೆ ತೆಗೆಯಿರಿ. ಮರಿ ತಾನಾಗಿ ಬರುತ್ತದೆ. ಬರದಿದ್ದರೂ ಪರವಾಗಿಲ್ಲ. ಎತ್ತಿಕೊಂಡು ಬಂದು ತೊಡೆಯ ಮೇಲೆ ಕೂರಿಸಬೇಡಿ.

ನೆಂಟರಿಗೆ ಪಾಠ

ಇದು ಕಷ್ಟದ ಕೆಲಸ. ಮರಿ ಒಂದೆರಡು ವಾರದಲ್ಲಿ ಕಲಿಯುತ್ತದೆ, ನೆಂಟರು ಕಲಿಯುವುದಿಲ್ಲ. ನಾಯಿ ಇಷ್ಟ ಅನ್ನುವವರದ್ದೇ ಜಾಸ್ತಿ ಕಾಟ. "ನಮ್ಮ ಮನೇಲೂ ನಾಯಿ ಇತ್ತು, ನನಗೇನೂ ಮಾಡಲ್ಲ" ಅಂತ ಸೀದಾ ಮುಖಕ್ಕೆ ಮುಖ ತರುತ್ತಾರೆ. ನಾನೀಗ ಹಿಂದಿನ ದಿನವೇ ವಾಟ್ಸಾಪ್ ಮಾಡಿಬಿಡುತ್ತೇನೆ: "ಮರಿ ಹೆದರುತ್ತದೆ. ನೋಡಬೇಡಿ, ಮಾತಾಡಿಸಬೇಡಿ, ಮುಟ್ಟಬೇಡಿ. ಬಂದು ಸುಮ್ನೆ ಕೂತುಬಿಡಿ."

ಮರಿ ಬಂದು ಕಾಲು ಮೂಸಿದರೆ ಮೂಸಲಿ. ಅದಕ್ಕೆ ಪಕ್ಕ ತಿರುಗಿ ಕೂರಬೇಕು, ಕಣ್ಣಲ್ಲಿ ಕಣ್ಣಿಡಬಾರದು. ಕೈಯನ್ನು ಕೆಳಗೆ ಇಳಿಬಿಟ್ಟರೆ ಸಾಕು. ಮರಿ ಮತ್ತೆ ಮತ್ತೆ ಹತ್ತಿರ ಬಂದರೆ ಗದ್ದದ ಕೆಳಗೋ ಎದೆಯ ಮೇಲೋ ಎರಡು ಸಲ ಕೆರೆದು ಕೈ ಹಿಂದಕ್ಕೆ ತೆಗೆಯಬೇಕು. ತಲೆಯ ಮೇಲೆ ಕೈ ಇಡುವುದು ಮನುಷ್ಯರಿಗೆ ಆಶೀರ್ವಾದ, ಮರಿಗೆ ಭಯ. ಮಕ್ಕಳು ಬಂದರೆ "ನೀನೀಗ ತೆಂಗಿನಮರ, ಅಲ್ಲಾಡಬಾರದು" ಅನ್ನಿ. ಆಟ ಅಂತ ಖುಷಿಯಿಂದ ನಿಲ್ಲುತ್ತಾರೆ.

ನೆಂಟರ ಕೈಗೆ ಬೇಯಿಸಿದ ಕೋಳಿಯದ್ದೋ ಪನೀರಿನದ್ದೋ ಕಡಲೆಕಾಳಿನಷ್ಟು ಸಣ್ಣ ಚೂರು ಕೊಟ್ಟು ನೆಲಕ್ಕೆ ಎಸೆಯಲು ಹೇಳಿ. ಮೊದಲು ಮರಿಯ ಆಚೆಗೆ, ಆಮೇಲೆ ನಿಧಾನ ಹತ್ತಿರಕ್ಕೆ. ನೆಲ ಮೂಸುತ್ತಾ ತಿನ್ನುವ ಮರಿ ಅಂಗಾತ ಬೀಳುವುದು ಕಡಿಮೆ. ನೆಂಟರು ತಂದ ಲಡ್ಡು ಮಾತ್ರ ಬೇಡ. ಅದರೊಳಗಿನ ಒಣದ್ರಾಕ್ಷಿ ನಾಯಿಗೆ ವಿಷ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಕೂಡ ಆಗುವುದಿಲ್ಲ.

ಬೆಲ್‌ನ ಭಯ

ಹಾಲಿನವನು, ಕಸದವರು, ಕೊರಿಯರ್, ಇಸ್ತ್ರಿಯವನು, ಕೆಲಸದ ಬಾಯಿ. ದಿನಕ್ಕೆ ಎಷ್ಟು ಸಲ ಬೆಲ್ ಆಗುತ್ತದೋ ಲೆಕ್ಕವಿಲ್ಲ. ಬೆಲ್ ಆದ ತಕ್ಷಣ ಚಿಕ್ಕಿ ನಡುಗುತ್ತಿದ್ದಳು. ಅದಕ್ಕೆ ಬೆಲ್ಲಿನ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ತೀರಾ ಸಣ್ಣ ದನಿಯಲ್ಲಿ ಹಾಕುವುದು, ಹಿಂದೆಯೇ ಅಡುಗೆಮನೆಯ ಚಾಪೆಯ ಮೇಲೆ ಒಂದು ಚೂರು ಪನೀರು ಇಡುವುದು. ಒಂದು ಹೊತ್ತಿಗೆ ಐದಾರು ಸಲ, ಅಷ್ಟೇ. ಮರಿ ಆರಾಮಾಗಿದ್ದರೆ ಮಾರನೇ ದಿನ ದನಿ ಕೊಂಚ ಜಾಸ್ತಿ. ಕಿವಿ ಹಿಂದಕ್ಕೆ ಹೋದರೆ ಮತ್ತೆ ಕಡಿಮೆ. ಮೂರು ವಾರದ ಹೊತ್ತಿಗೆ ಬೆಲ್ ಆದರೆ ಚಿಕ್ಕಿ ಬಾಗಿಲ ಕಡೆ ಅಲ್ಲ, ಚಾಪೆ ಕಡೆ ಓಡಲು ಶುರು ಮಾಡಿದಳು.

ನೀವು ಮನೆಗೆ ಬಂದಾಗಲೂ ಇದೇ ನಿಯಮ. ಲೋಕಲ್‌ನಲ್ಲಿ ಜಜ್ಜಿಹೋಗಿ ಬಂದಾಗ ಮರಿಯನ್ನು ಅಪ್ಪಿಕೊಳ್ಳುವ ಆಸೆ ಯಾರಿಗಿಲ್ಲ? ಆದರೂ ಚೀಲ ಇಟ್ಟು, ಅಜ್ಜಿ ಹೇಳುತ್ತಿದ್ದ ಹಾಗೆ ಕೈಕಾಲು ತೊಳೆದು ಬನ್ನಿ. ಅಷ್ಟರಲ್ಲಿ ಮರಿಯೂ ತಣ್ಣಗಾಗಿರುತ್ತದೆ. ಆಮೇಲೆ ನೆಲದ ಮೇಲೆ ಕೂತು ಕರೆಯಿರಿ.

ಹೊಯ್ದೇಬಿಟ್ಟರೆ

ಏನೂ ಆಗಿಲ್ಲ ಅನ್ನುವ ಹಾಗೆ ಇರಿ. "ಅಯ್ಯೋ" ಬೇಡ, "ಪಾಪ ನನ್ನ ಚಿನ್ನ" ಅಂತ ಮುದ್ದೂ ಬೇಡ. ಮನೆಯವರೊಬ್ಬರು ಮರಿಯನ್ನು ಆಚೆ ಕರೆದೊಯ್ಯಲಿ, ಆಮೇಲೆ ಒರೆಸಿ. ಟೈಲ್ಸ್ ಆದರೆ ಸೋಪಿನ ನೀರು ಸಾಕು. ಚಾಪೆ, ಕಾರ್ಪೆಟ್ಟಿಗೆ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಎಂಜೈಮ್ ಕ್ಲೀನರ್ ಒಳ್ಳೆಯದು. ಅಮೋನಿಯಾ ಇರುವ ಕ್ಲೀನರ್ ಬೇಡವೇ ಬೇಡ, ಅದರ ವಾಸನೆ ಉಚ್ಚೆಯ ವಾಸನೆಯನ್ನೇ ಹೋಲುತ್ತದೆ. ಫಿನಾಯಿಲ್ ಹಚ್ಚಿದ ಹಸಿ ನೆಲವನ್ನು ಮರಿ ನೆಕ್ಕುವುದೂ ಒಳ್ಳೆಯದಲ್ಲ. ಮಳೆಗಾಲದ ಮುಂಬೈಯಲ್ಲಿ ಇಲಿಯ ಉಚ್ಚೆ ಬೆರೆತ ನೀರಿನಿಂದ ಲೆಪ್ಟೊ (ಲೆಪ್ಟೊಸ್ಪೈರೋಸಿಸ್ ಅನ್ನುವ ಸೋಂಕುರೋಗ) ಬರುತ್ತದೆ, ನಾಯಿಗೂ ನಮಗೂ. ಸೋಂಕು ತಗುಲಿದ ನಾಯಿಯ ಉಚ್ಚೆಯಿಂದಲೂ ಹರಡಬಹುದು. ಆದ್ದರಿಂದ ಒರೆಸುವಾಗ ಕೈಗೆ ಗ್ಲೌಸ್ ಹಾಕಿ, ಲೆಪ್ಟೊ ಲಸಿಕೆಯ ಬಗ್ಗೆ ಡಾಕ್ಟರನ್ನು ಕೇಳಿ.

ಹೊಸಬರನ್ನು ನೋಡುವ ಅಭ್ಯಾಸ ಮರಿಗೆ ಮೂರು ತಿಂಗಳು ತುಂಬುವುದರೊಳಗೆ ಆದಷ್ಟೂ ಒಳ್ಳೆಯದು. ಲಸಿಕೆಗಳು ಮುಗಿಯುವಾಗ ಮರಿಗೆ ಸುಮಾರು 16 ವಾರ ಆಗಿರುತ್ತದೆ, ಅಲ್ಲಿಯವರೆಗೆ ಸೊಸೈಟಿಯ ನೆಲದಲ್ಲಿ ಬಿಡುವ ಹಾಗಿಲ್ಲ. ಎತ್ತಿಕೊಂಡು ಗೇಟಿನ ಹತ್ತಿರ ನಿಲ್ಲಬಹುದು. ನಾನು ಸಂಜೆ ವಾಚ್‌ಮನ್ ಕುರ್ಚಿಯ ಪಕ್ಕ ಹತ್ತು ನಿಮಿಷ ನಿಲ್ಲುತ್ತಿದ್ದೆ. ರಿಕ್ಷಾ, ಛತ್ರಿ, ಬುರ್ಖಾ, ಹೆಲ್ಮೆಟ್, ಎಲ್ಲವನ್ನೂ ಚಿಕ್ಕಿ ದೂರದಿಂದಲೇ ನೋಡಿದಳು. ಹೆಚ್ಚಿನ ಮರಿಗಳು ಒಂದು ವರ್ಷ ತುಂಬುವ ಹೊತ್ತಿಗೆ ಹೀಗೆ ಉಚ್ಚೆ ಹೊಯ್ಯುವ ಅಭ್ಯಾಸ ಬಿಡುತ್ತವೆ. ಬಿಡದಿದ್ದರೆ ಮತ್ತೊಮ್ಮೆ ಡಾಕ್ಟರಿಗೆ ತೋರಿಸಿ.

ಚೌತಿಗೆ ದೊಡ್ಡಮ್ಮ ಮತ್ತೆ ಬಂದರು. ವಾಟ್ಸಾಪ್ ಓದಿಕೊಂಡೇ ಬಂದಿದ್ದರು. ಕುರ್ಚಿಯಲ್ಲಿ ಕೂತು, ಎಲೆಗೆ ಸುಣ್ಣ ಹಚ್ಚುತ್ತಾ, ನಾಯಿಯೇ ಇಲ್ಲ ಅನ್ನುವ ಹಾಗೆ ಊರಿನ ಸುದ್ದಿ ಹೇಳಿದರು. ಚಿಕ್ಕಿ ಬಂದಳು, ಸೆರಗು ಮೂಸಿದಳು, ಅವರ ಕಾಲ ಬಳಿಯೇ ಮಲಗಿದಳು. ನೆಲ ಒಣಗಿಯೇ ಇತ್ತು. ಹೊರಡುವಾಗ ಮಾತ್ರ ಎಲ್ಲ ಮರೆತು, ಬಾಗಿಲಲ್ಲಿ ಬಗ್ಗಿ, "ಬರ್ತೇನೆ ಮಗಾ" ಅಂತ ತಲೆ ಸವರಿಯೇಬಿಟ್ಟರು. ನಾಲ್ಕು ಹನಿ ಬಿತ್ತು. ಬೀಳ್ಕೊಡುವ ಹೊತ್ತೂ ಬರುವ ಹೊತ್ತಿನಷ್ಟೇ ನಾಜೂಕು ಅಂತ ಆಗ ತಿಳಿಯಿತು. ಈಗ ನೆಂಟರು ಚೀಲ ಕೈಗೆತ್ತಿಕೊಳ್ಳುವ ಮೊದಲೇ ಚಿಕ್ಕಿಯನ್ನು ಹಲಗೆಯ ಆಚೆ ಬಿಡುತ್ತೇನೆ.