ಸಂಜೆ ಹಸಿವಿಗೆ ಹುರಿಹಿಟ್ಟು

ಎರಡು ವರ್ಷದ ಹಿಂದೆ ಬಿಪಿ ನೋಡಿದ ಡಾಕ್ಟರು "ಉಪ್ಪು ಕಡಿಮೆ ಮಾಡಿ" ಅಂದರು. ಮನೆಗೆ ಬಂದು ಸಾರಿಗೆ, ಪಲ್ಯಕ್ಕೆ ಹಾಕುವ ಉಪ್ಪು ಕಮ್ಮಿ ಮಾಡಿದೆ. ನಮ್ಮ ಮನೆಯವರು, ಮಗ ಇಬ್ಬರೂ ಮುಖ ಕಿವುಚಿಕೊಂಡೇ ಊಟ ಮಾಡಿದರು. ಬಿಪಿ ಮಾತ್ರ ಇದ್ದಲ್ಲೇ ಇತ್ತು.

ಒಂದು ದಿನ ಮಗನ ನೂಡಲ್ಸ್ ಪೊಟ್ಟಣದ ಹಿಂಬದಿ ಓದಿದೆ. ಅಲ್ಲಿ ಲೆಕ್ಕ ಕೊಟ್ಟಿರುವುದು ಸೋಡಿಯಂನದು. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ. ಆ ಪೊಟ್ಟಣದಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ, ಅಂದರೆ ಎರಡು ಗ್ರಾಂಗೂ ಜಾಸ್ತಿ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೇ ದಿನಕ್ಕೆ 5 ಗ್ರಾಂ ಒಳಗೆ ಇರಲಿ ಅನ್ನುತ್ತದೆ. ಹತ್ತು ವರ್ಷದ ಹುಡುಗ ಅದರಲ್ಲಿ ಅರ್ಧದ ಹತ್ತಿರ ಸಂಜೆ ತಿಂಡಿಯಲ್ಲೇ ತಿಂದು ಮುಗಿಸುತ್ತಿದ್ದ. ಜೊತೆಗೆ ಕೂತು ನಾನೂ ತಿನ್ನುತ್ತಿದ್ದೆ.

ಅವತ್ತು ಡಬ್ಬಿಗಳನ್ನೆಲ್ಲ ಇಳಿಸಿಕೊಂಡು ಕೂತೆ. ಪೊಟ್ಟಣದ ಮೇಲೆ ಪದಾರ್ಥಗಳನ್ನು ತೂಕದ ಪ್ರಕಾರ ಬರೆಯಬೇಕು, ಯಾವುದು ಜಾಸ್ತಿಯೋ ಅದು ಮೊದಲು. ನಾನು ತಂದಿದ್ದ ರಾಗಿ ಬಿಸ್ಕತ್ತಿನಲ್ಲಿ ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ತಾಳೆ ಎಣ್ಣೆ. ರಾಗಿ ನಾಲ್ಕನೆಯದು. ತುಮಕೂರು ಕಡೆ ಮುದ್ದೆ ಉಂಡು ಬೆಳೆದವಳು ನಾನು. ಮಗನಿಗೆ ರಾಗಿ ಅಂತ ಇದನ್ನು ಕೊಟ್ಟೆನಲ್ಲ ಅಂತ ಹೊಟ್ಟೆ ಉರಿಯಿತು.

ಇನ್ನು ಏನೂ ತರುವುದಿಲ್ಲ ಅಂದಿದ್ದು ನಾಲ್ಕು ದಿನ ನಡೆಯಿತು. ಐದನೇ ದಿನ ನಾನೇ ಆಫೀಸಿಂದ ಬರುತ್ತಾ ಬೇಕರಿಯಲ್ಲಿ ಖಾರಾ ಬನ್ ಕಟ್ಟಿಸಿಕೊಂಡು ಬಂದೆ. ಹಸಿದು ಮನೆಗೆ ಬಂದಾಗ ಏನಾದರೂ ರೆಡಿ ಇರಬೇಕು, ಅಲ್ವಾ? ಅಮ್ಮನಿಗೆ ಫೋನ್ ಮಾಡಿದೆ. "ಹುರಿಹಿಟ್ಟು ಮಾಡಿಟ್ಕೊಳ್ಳೇ, ಅದಕ್ಯಾಕೆ ಇಷ್ಟು ಯೋಚ್ನೆ" ಅಂದಳು.

ರಾಗಿ ತೊಳೆದು ನೀರು ಬಸಿದು, ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೆರಳಲ್ಲಿ ಹರಡಿದೆ. ಕೈಗೆ ನೀರು ಅಂಟಬಾರದು, ಆದರೆ ಕಾಳಿನಲ್ಲಿ ತೇವ ಇರಬೇಕು. ಮೊದಲ ಸಲ ಬಾಣಲೆ ಕಾಯುವ ಮುಂಚೆಯೇ ಎರಡು ಲೋಟ ಒಟ್ಟಿಗೆ ಸುರಿದೆ. ಒಂದೂ ಅರಳಲಿಲ್ಲ, ಎಲ್ಲ ಸೀದು ಹೋಯಿತು. ಕಬ್ಬಿಣದ ಬಾಣಲೆ ಚೆನ್ನಾಗಿ ಕಾಯಬೇಕು, ಒಂದೊಂದೇ ಹಿಡಿ ಹಾಕಬೇಕು, ಬಟ್ಟೆ ಉಂಡೆಯಿಂದ ಬೇಗ ಬೇಗ ಕೈಯಾಡಿಸಬೇಕು. ಚಟಪಟ ಸಿಡಿದು ಕೆಂಪು ಕಾಳು ಬಿಳಿ ಹೂವಾಗುತ್ತದೆ. ಆ ವಾಸನೆಗೆ ಮಗ ಓದು ಬಿಟ್ಟು ಎದ್ದು ಬಂದ. ಅರಳಿಗೆ ಹುರಿಗಡಲೆ, ಏಲಕ್ಕಿ ಸೇರಿಸಿ ಬೀಸಿ ಡಬ್ಬಿಗೆ ತುಂಬಿದೆ. ತಿನ್ನುವಾಗ ಬೆಲ್ಲ, ಕಾಯಿತುರಿ, ಬಿಸಿ ಹಾಲು. ಎರಡು ನಿಮಿಷದ ಕೆಲಸ. ಇನ್ನೊಂದು ಡಬ್ಬಿಯಲ್ಲಿ ಹುರಿದ ಕಡಲೆಕಾಯಿ ಬೀಜ, ಮತ್ತೊಂದರಲ್ಲಿ ಒಗ್ಗರಣೆ ಮಂಡಕ್ಕಿ.

ಹಾಗಂತ ಅಂಗಡಿಯಿಂದ ತಂದದ್ದೆಲ್ಲ ಕೆಟ್ಟದ್ದು ಅಂತಲ್ಲ. ಮಂಡಕ್ಕಿ, ಅವಲಕ್ಕಿ ಕೂಡ ಮಿಲ್ಲಿಂದಲೇ ಬರುತ್ತವೆ. ಅದರಲ್ಲಿ ತಪ್ಪೇನಿಲ್ಲ, ಅದು ಅಕ್ಕಿಯೇ. ದಿನಸಿ ಅಂಗಡಿಯಲ್ಲಿ ಕೇಳಿದರೆ ಸಿಗದ ಹೆಸರುಗಳು ಪಟ್ಟಿಯಲ್ಲಿ ಸಾಲಾಗಿ ಬಂದರೆ ಮಾತ್ರ ಆ ಪೊಟ್ಟಣ ವಾಪಸ್ ಇಡುತ್ತೇನೆ.

ಇನ್ನೊಂದು ಮಾತು ಹೇಳಲೇಬೇಕು. ಪೊಟ್ಟಣ ಬಿಟ್ಟ ಮೇಲೂ ಉಪ್ಪು ನಾನಂದುಕೊಂಡಷ್ಟು ಇಳಿಯಲಿಲ್ಲ. ದಿನಾ ಎರಡು ಹೊತ್ತು ತಟ್ಟೆಯಲ್ಲಿ ಉಪ್ಪಿನಕಾಯಿ, ಹಪ್ಪಳ ಇರುತ್ತಿತ್ತು. ಮನೆಯಲ್ಲೇ ಮಾಡಿದ್ದು ಅಂತ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಈಗ ಹಪ್ಪಳ ಹಬ್ಬಕ್ಕೆ ಮಾತ್ರ. ಉಪ್ಪಿನಕಾಯಿ ಮೊಸರನ್ನಕ್ಕೆ ಒಂದು ಹೋಳು. ಬಿಪಿ ಸ್ವಲ್ಪ ಇಳಿದಿದೆ, ಮಾತ್ರೆ ಮಾತ್ರ ಡಾಕ್ಟರು ಹೇಳಿದಂತೆ ನಡೆಯುತ್ತಿದೆ.

ನೂಡಲ್ಸ್ ಪೂರ್ತಿ ನಿಂತಿಲ್ಲ. ತಿಂಗಳಿಗೊಂದು ಭಾನುವಾರ ಮಾಡುತ್ತೇನೆ, ಬೀನ್ಸ್, ಕ್ಯಾರೆಟ್ ಎರಡು ಹಿಡಿ ಹಾಕಿ. ಮಸಾಲೆ ಪುಡಿ ಅರ್ಧ ಸಾಕು. ಉಳಿದರ್ಧ ಕಸದ ಬುಟ್ಟಿಗೆ ಹೋಗುತ್ತದೆ.